ಅಕ್ಕನನ್ನು ಹಾಡಿದವರು

ಗಿಟಾರಿನ ಕತ್ತಿಗೆ ಕಚ್ಚಿಸುವ ಒಂದು ಲೋಹದ ಕ್ಲಿಪ್ಪು ಉಂಟು. ಕ್ಯಾಪೋ ಎನ್ನುತ್ತಾರೆ. ಅದನ್ನು ತಂತಿಗಳ ಮೇಲೆ ಕೂರಿಸಿದರೆ ಶ್ರುತಿ ಏರುತ್ತದಂತೆ. ಈ ಜ್ಞಾನ ನನಗೆ ದೊರೆಯುವಷ್ಟರಲ್ಲಿ ತಡವಾಗಿತ್ತು. ಸೋಫಾದ ಸಂದಿಯಲ್ಲಿ ನನಗೆ ಸಿಕ್ಕಿದ ಆ ವಸ್ತು ನಮ್ಮ ಅಡುಗೆಮನೆಯಲ್ಲಿ ಅವಲಕ್ಕಿ ಪ್ಯಾಕೆಟ್ಟಿನ ಬಾಯಿಯನ್ನು ಭದ್ರವಾಗಿ ಮುಚ್ಚಿಕೊಂಡು ಸೇವೆ ಸಲ್ಲಿಸುತ್ತಿತ್ತು. ಅದರ ಒಡತಿ ದೀಕ್ಷಾ ಮನೆಯ ಹಾಸಿಗೆಗಳನ್ನೆಲ್ಲ ತಿರುವಿಹಾಕಿ, ಕೊನೆಗೆ ಹಸಿವಾಗಿ ಅಡುಗೆಮನೆಗೆ ಹೋದಾಗಲೇ ಕಳವು ಪತ್ತೆಯಾದದ್ದು.

"ಅಜ್ಜ, ಇದರ ಬೆಲೆ ಎಷ್ಟು ಗೊತ್ತುಂಟಾ?"

"ಗೊತ್ತಿಲ್ಲ. ಆದರೆ ಅವಲಕ್ಕಿ ಇಷ್ಟು ಗರಿಗರಿಯಾಗಿ ಎಂದೂ ಉಳಿದಿರಲಿಲ್ಲ."

ದೀಕ್ಷಾ ನನ್ನ ಅಕ್ಕ ಗಿರಿಜೆಯ ಮೊಮ್ಮಗಳು. ತಾಯಿಯ ಮನೆ ಕಾಪುವಿನಲ್ಲಿ. ಕೆಲಸ ಮಣಿಪಾಲದ ಒಂದು ಕನ್ನಡಕದ ಅಂಗಡಿಯಲ್ಲಿ. ಬಸ್ಸಿಗೆ ಹತ್ತಿರವೆಂಬ ಕಾರಣದಿಂದ ವಾಸ ಮಾತ್ರ ಅಲೆವೂರಿನಲ್ಲಿ, ಅಕ್ಕನ ಮತ್ತು ನನ್ನ ಜೊತೆ. ಹಗಲಿಡೀ ಜನರ ಮೂಗಿನ ಮೇಲೆ ಗಾಜು ಕೂರಿಸಿ, ಸಂಜೆ ಮನೆಗೆ ಬಂದು ಗಿಟಾರು ಹಿಡಿದು, ತಾನೇ ಪದ್ಯ ಕಟ್ಟಿ ತಾನೇ ಹಾಡುತ್ತಾಳೆ. ಪದ್ಯದ ವಸ್ತುವೂ ತಾನೇ. ಸ್ಕೂಟರು ಕೈಕೊಟ್ಟರೆ ಒಂದು ಹಾಡು, ಗೆಳತಿ ಕೈಕೊಟ್ಟರೆ ಇನ್ನೊಂದು. ಮಣಿಪಾಲದಲ್ಲಿ ಈಗ ಇಂಥವರ ಸಣ್ಣದೊಂದು ಪಂಥವೇ ಉಂಟು. ಒಬ್ಬ ಹಾಸ್ಟೆಲಿನ ಉಪ್ಪಿಟ್ಟಿನ ಮೇಲೆ ಶೋಕಗೀತೆ ಬರೆದಿದ್ದಾನೆ. ಇನ್ನೊಬ್ಬಳು ಪರೀಕ್ಷೆಯಲ್ಲಿ ಫೇಲಾದದ್ದನ್ನು ಎಷ್ಟು ಚೆನ್ನಾಗಿ ಹಾಡಿದಳೆಂದರೆ, ಕೇಳಿದವರಿಗೆಲ್ಲ ತಾವು ಪಾಸಾದದ್ದಕ್ಕೆ ನಾಚಿಕೆಯಾಯಿತಂತೆ. ನಮ್ಮ ಕಾಲದಲ್ಲಿ ದುಃಖವೆಂಬುದು ಪಕ್ಕದ ಮನೆಗೆ ತಿಳಿಯದಂತೆ ನೋಡಿಕೊಳ್ಳಬೇಕಾದ ಪದಾರ್ಥವಾಗಿತ್ತು. ಈಗ ಅದಕ್ಕೆ ಪೋಸ್ಟರು ಅಂಟಿಸಿ ಜನರನ್ನು ಕರೆಯುತ್ತಾರೆ.

ನಾನು ಇವರನ್ನು ಹೀಗಳೆಯುತ್ತಿದ್ದೇನೆಂದು ತಿಳಿಯಬೇಡಿ. ನನ್ನ ತಕರಾರು ಹಾಡಿನ ಬಗ್ಗೆ ಅಲ್ಲ, ಹಾಡಿನಲ್ಲಿ ಬರುವ ಸಂಗತಿಗಳ ಬಗ್ಗೆ. ಈ ತಕರಾರಿನ ಸ್ವಭಾವ ನನಗೆ ಎಲ್ಲಿಂದ ಬಂತೆಂದು ಹೇಳದೆ ಮುಂದೆ ಹೋಗುವುದು ಸರಿಯಲ್ಲ.

ಆರನೆಯ ತರಗತಿಯಲ್ಲಿ ನಾನು ಶಾಲೆಯನ್ನು ಬಿಟ್ಟೆನೋ ಶಾಲೆ ನನ್ನನ್ನು ಬಿಟ್ಟಿತೋ ಎಂಬ ಬಗ್ಗೆ ಎರಡು ಅಭಿಪ್ರಾಯಗಳಿವೆ. ಆಮೇಲೆ ಕಾರ್ಕಳದ ಪೇಟೆಯಲ್ಲಿ ನಮ್ಮ ಮಾವನ ಗುಜರಿ ಅಂಗಡಿಗೆ ಸೇರಿದೆ. ಕಾಲಕ್ರಮದಲ್ಲಿ ಅಂಗಡಿ ನನ್ನದಾಯಿತು. ಹಳೆಯ ಕಬ್ಬಿಣ, ಬಾಟಲಿ, ಕಾಗದ ಇವುಗಳನ್ನು ತೂಕಕ್ಕೆ ಕೊಂಡು ತೂಕಕ್ಕೆ ಮಾರುವ ವ್ಯಾಪಾರ. ನನ್ನ ವಿಶ್ವವಿದ್ಯಾನಿಲಯ ಆ ಕಾಗದದ ರಾಶಿಯೇ. ಒಮ್ಮೆ ಯಾವುದೋ ವಿಶ್ವಕೋಶದ ಒಂಟಿ ಸಂಪುಟ ಬಂತು, 'ಕ'ದಿಂದ 'ಗ'ದವರೆಗೆ. ಅದನ್ನು ನಾನು ಮಾರಲಿಲ್ಲ, ಕುಡಿದೆ. ಹೀಗಾಗಿ ಕಪ್ಪೆ, ಖಗೋಳ, ಗಡಿಯಾರ ಇವುಗಳ ಮೇಲೆ ನಾನು ಯಾವ ಪಂಡಿತನ ಜೊತೆಗೂ ಅರ್ಧ ದಿನ ವಾದಿಸಬಲ್ಲೆ. ಚಂದ್ರನ ವಿಷಯ ಬಂದರೆ ಮಾತು ಬದಲಿಸುತ್ತೇನೆ. ಗಿಟಾರು 'ಗ'ದಲ್ಲಿಯೇ ಬರುತ್ತದೆಯಲ್ಲ ಎಂದು ನೀವು ಕೇಳಬಹುದು. ಆ ಪುಟವನ್ನು ನನಗಿಂತ ಮೊದಲೇ ಯಾರೋ ಹರಿದು ಕಡಲೆ ಕಟ್ಟಿಸಿಕೊಂಡು ತಿಂದಿದ್ದರು.

ಪತ್ರಿಕೆಗಳು ಕಲಿಸಿದ್ದು ಬೇರೆಯೇ ಪಾಠ. ಒಂದೇ ದಿನದ ಎರಡು ಪತ್ರಿಕೆಗಳನ್ನು ಒಂದೇ ಗೋಣಿಯಿಂದ ತೆಗೆದು ಓದಿದವನು ಜನ್ಮದಲ್ಲಿ ಸುಲಭವಾಗಿ ಏನನ್ನೂ ನಂಬಲಾರ. ಒಂದರಲ್ಲಿ ಸಭೆಗೆ ಜನಸಾಗರ ಹರಿದು ಬಂದಿರುತ್ತಿತ್ತು. ಇನ್ನೊಂದರಲ್ಲಿ ಕುರ್ಚಿಗಳು ಭಾಷಣ ಕೇಳಿರುತ್ತಿದ್ದವು. ಹೀಗೆ ಯಾರಾದರೂ ಏನಾದರೂ ಹೇಳಿದರೆ 'ಹೌದಾ?' ಎನ್ನುವ ಬದಲು 'ಯಾರು ಹೇಳಿದ್ದು?' ಎನ್ನುವ ಚಾಳಿ ನನಗೆ ಅಂಟಿತು. ಇದರಿಂದ ನನಗೆ ಜ್ಞಾನ ಹೆಚ್ಚಿತು, ಮದುವೆಯ ಕರೆಯೋಲೆಗಳು ಕಡಿಮೆಯಾದವು.

ಈಗ ಹಾಡಿಗೆ ಬರೋಣ. ದೀಕ್ಷಾಳ ಜೊತೆ ತಾಳ ಹಾಕಲು ಹೂಡೆಯ ನೌಫಲ್ ಎಂಬ ಹುಡುಗ ಬರುತ್ತಾನೆ. ಮನೆಯಲ್ಲಿ ಬ್ಯಾರಿ, ನಮ್ಮ ಜೊತೆ ತುಳು, ಹಾಡುವಾಗ ಕನ್ನಡ. ಅವನ ವಾದ್ಯವೆಂದರೆ ಒಂದು ಮರದ ಪೆಟ್ಟಿಗೆ. ಅದರ ಮೇಲೆ ತಾನೇ ಕೂತು, ಕೂತದ್ದನ್ನೇ ಬಡಿಯುತ್ತಾನೆ. ನನ್ನ ಗುಜರಿ ಅಂಗಡಿಯಲ್ಲಿ ಅಂಥವು ಎಷ್ಟೋ ಬಂದಿದ್ದವು, ಬಡಿಯಲು ಯಾರಿಗೂ ಹೊಳೆದಿರಲಿಲ್ಲ. ಅವನದೊಂದು ಹಾಡಿನಲ್ಲಿ ಅಪ್ಪ ಸೌದಿಯ ದಮ್ಮಾಮಿನ ಮರಳುಗಾಡಿನಲ್ಲಿ ಟ್ಯಾಕ್ಸಿ ಓಡಿಸುತ್ತ ಮಗನನ್ನು ನೆನೆಯುತ್ತಾನೆ. ನಾನು ಕೇಳಿದೆ:

"ನಿನ್ನ ಅಪ್ಪ ಟ್ಯಾಕ್ಸಿ ಓಡಿಸುವುದು ಹೌದಾ?"

"ಇಲ್ಲಜ್ಜ. ಸೂಪರ್ ಮಾರ್ಕೆಟಿನಲ್ಲಿ ಕ್ಯಾಶಿಯರ್. ಆದರೆ ಮರಳುಗಾಡಿನಲ್ಲಿ ಕ್ಯಾಶ್ ಕೌಂಟರ್ ಇಟ್ಟರೆ ಹಾಡು ಏಳುವುದಿಲ್ಲ."

"ಅಪ್ಪನಿಗೆ ಕೇಳಿಸಿದ್ದೀಯಾ?"

"ಕಳಿಸಿದ್ದೆ. 'ಹಾಡು ಒಳ್ಳೇದುಂಟು. ಆದರೆ ನನ್ನನ್ನು ಬಿಸಿಲಿಗೆ ಯಾಕೆ ಹಾಕಿದ್ದು ಮಾರಾಯ, ಇಲ್ಲಿ ಏಸಿ ಉಂಟು' ಅಂದರು."

ಆ ಅಪ್ಪನ ಮೇಲೆ ನನಗೆ ಗೌರವ ಹುಟ್ಟಿತು. ನೌಫಲ್ ಮಾತ್ರ ಸೋಲಲಿಲ್ಲ. "ಅಷ್ಟು ತಪ್ಪು ಹುಡುಕುವ ಬದಲು ನೀವೇ ಒಂದು ಬರೆಯಿರಿ ಅಜ್ಜ. ಸ್ವಂತ ಅನುಭವ ಇರಬೇಕು, ಅಷ್ಟೇ" ಎಂದ. ಒಂದು ಮಧ್ಯಾಹ್ನ ಕೂತು ಬರೆದೂ ನೋಡಿದೆ. ನನ್ನ ಜೀವನದ ಆಳದಿಂದ ಎದ್ದು ಬಂದ ನಾಲ್ಕು ಚರಣಗಳೂ ರಸ್ತೆಯ ಹೊಂಡಗಳ ಬಗ್ಗೆ ಇದ್ದವು. ಐದನೆಯದು ಗ್ಯಾಸ್ ಸಿಲಿಂಡರು ತಡವಾದ ಬಗ್ಗೆ. ದೀಕ್ಷಾ ಓದಿ, "ಅಜ್ಜ, ಇದನ್ನು ಹಾಡುವುದಲ್ಲ, ಸಹಿ ಹಾಕಿ ಪಂಚಾಯತಿಗೆ ಕೊಡುವುದು" ಎಂದಳು. ಅಲ್ಲಿಗೆ ನನ್ನ ಕಾವ್ಯಜೀವನ ಮುಗಿಯಿತು.

ಗಂಭೀರ ಪ್ರಕರಣ ಆರಂಭವಾದದ್ದು ಅದರ ಮುಂದಿನ ವಾರ. ಮಣಿಪಾಲದ ಒಂದು ಕಾಫಿ ಅಂಗಡಿಯಲ್ಲಿ ಶನಿವಾರ ಸಂಜೆ ದೀಕ್ಷಾಳ ಮೊದಲ ಪೂರ್ಣ ಕಾರ್ಯಕ್ರಮ ನಿಶ್ಚಯವಾಗಿತ್ತು. ಅದಕ್ಕಾಗಿಯೇ ಅವಳು ಹೊಸ ಹಾಡೊಂದನ್ನು ಕಟ್ಟಿದ್ದಳು. ಹೆಸರು 'ನನ್ನಜ್ಜಿಯ ಕಡಲು'. ಪೋಸ್ಟರಿನಲ್ಲಿ ಈ ಹೆಸರೇ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿತ್ತು. ನಮ್ಮ ಜಗಲಿಯಲ್ಲಿ ಕೂತು ಅದನ್ನು ಮೊದಲ ಬಾರಿ ಹಾಡಿದಳು. ಸ್ವರ ಚೆನ್ನಾಗಿತ್ತು, ಒಪ್ಪುತ್ತೇನೆ. ಸಾಹಿತ್ಯ ಹೀಗಿತ್ತು:

ಕಾಪುವಿನ ದೀಪದ ಕಂಬದ ಕೆಳಗೆ
ಕಾದಳು ನನ್ನಜ್ಜಿ ಹಡಗಿನ ದಾರಿ,
ಬೊಂಬಾಯಿಗೆ ಹೋದವ ಬಾರದೆ ಹೋದ
ಕಣ್ಣೀರು ಕಡಲಿಗೆ ಉಪ್ಪಾಯಿತು ಜಾರಿ.

ನೌಫಲ್ ಕಣ್ಣು ಮುಚ್ಚಿ ತಲೆದೂಗಿದ. ನಾನು ಕಣ್ಣು ತೆರೆದೇ ಇದ್ದೆ.

ಇಲ್ಲಿ ನಮ್ಮ ಮನೆಯ ಇತಿಹಾಸವನ್ನು ಹೇಳಬೇಕಾಗುತ್ತದೆ. ಅಕ್ಕನನ್ನು ಎರ್ಮಾಳಿಗೆ ಕೊಟ್ಟಿತ್ತು. ಭಾವನಿಗೆ ಅಲ್ಲಿ ಸೈಕಲ್ ರಿಪೇರಿಯ ಅಂಗಡಿ. ಮದುವೆಯಾಗಿ ಕೆಲವು ವರ್ಷಕ್ಕೆ ಅಕ್ಕ ಕೈಗೂಸನ್ನು ಎತ್ತಿಕೊಂಡು ಅಲೆವೂರಿಗೆ ಬಂದಳು, ಮತ್ತೆ ಹೋಗಲಿಲ್ಲ. ಆಗ ನಾನು ಕಾರ್ಕಳದಲ್ಲಿ ಬಾಟಲಿ ತೊಳೆಯುತ್ತಿದ್ದ ಹುಡುಗ. ರಜೆಯಲ್ಲಿ ಮನೆಗೆ ಬಂದಾಗ ಮಾವಂದಿರು ಹೇಳಿದ್ದು ಇಷ್ಟು: ಭಾವ ಬೊಂಬಾಯಿಗೆ ಹೋದ, ತಿರುಗಿ ಬರಲಿಲ್ಲ, ಅಕ್ಕ ತಾಯಿಮನೆಗೆ ಬಂದಳು. ಹೆಣ್ಣಿನ ಕಡೆಯಿಂದ ವಂಶ ನಡೆಯುವ ನಮ್ಮ ಅಳಿಯಕಟ್ಟಿನಲ್ಲಿ ಹೆಣ್ಣು ತಾಯಿಮನೆಗೆ ಬಂದಳೆಂದರೆ ಸೋತು ಬಂದಳೆಂದು ಯಾರೂ ತಿಳಿಯುವುದಿಲ್ಲ. ಮನೆ ಅವಳದೇ, ಒಲೆ ಅವಳದೇ. ಆದ್ದರಿಂದ ಆಮೇಲೆ ಅನುಮಾನಪಟ್ಟವರೂ ಇಲ್ಲ.

ನನ್ನನ್ನು ಬಿಟ್ಟು. ನಾನು ಆ ಬೊಂಬಾಯಿಯ ಕಥೆಯನ್ನು ಎಂದೂ ನಂಬಲಿಲ್ಲ. ದೊಡ್ಡಮಾವನಿಗೂ ಭಾವನಿಗೂ ಜಾಗದ ವಿಷಯದಲ್ಲಿ ಜಗಳವಾಗಿ, ದೊಡ್ಡಮಾವನೇ ಭಾವನನ್ನು ಊರು ಬಿಡಿಸಿರಬೇಕೆಂದು ನನ್ನ ಸಿದ್ಧಾಂತ. ಸಾಕ್ಷಿ ಏನೆಂದರೆ, ದೊಡ್ಡಮಾವ ಎಲ್ಲರ ಜೊತೆಗೂ ಜಾಗದ ವಿಷಯದಲ್ಲಿ ಜಗಳವಾಡುತ್ತಿದ್ದರು. ಇಷ್ಟು ಗಟ್ಟಿಯಾದ ಸಿದ್ಧಾಂತ ನನ್ನಲ್ಲಿದ್ದ ಕಾರಣ ಅಕ್ಕನನ್ನೇ ಕೇಳಬೇಕೆಂದು ನನಗೆ ಎಂದೂ ತೋರಲಿಲ್ಲ. ಅವಳಾದರೂ ಹೇಳಿದವಳಲ್ಲ. ಮೀನು, ಮಳೆ, ನೆರೆಮನೆಯ ನಾಯಿ ಇವುಗಳ ಬಗ್ಗೆ ದಿನವಿಡೀ ಮಾತನಾಡುವವಳು ಎರ್ಮಾಳಿನ ಹೆಸರು ಬಂದರೆ ಎದ್ದು ಹೋಗಿ ಏನಾದರೂ ತೊಳೆಯುತ್ತಿದ್ದಳು.

ಹಾಡು ಮುಗಿದದ್ದೇ ನಾನು ವಿಚಾರಣೆಗೆ ಕೂತೆ.

"ಹಡಗು ಯಾಕೆ ಬಂತು? ಬೊಂಬಾಯಿಗೆ ಹೋದದ್ದೇ ಹೌದಾದರೆ ಬಸ್ಸಿನಲ್ಲಿ ಹೋದದ್ದು. ಬಸ್ಸಿನಲ್ಲಿ ಹೋದವನನ್ನು ಕಡಲಿನ ಬದಿಯಲ್ಲಿ ಯಾರಾದರೂ ಕಾಯುತ್ತಾರಾ? ಕಾಯುವುದಿದ್ದರೆ ಉಡುಪಿಯ ಬಸ್ ಸ್ಟ್ಯಾಂಡಿನಲ್ಲಿ ಕಾಯಬೇಕು."

"ಅಜ್ಜ, ಅದು ಭಾವನೆ."

"ಭಾವನೆ ಇರಲಿ, ಬಸ್ಸೂ ಇರಲಿ. ಎರಡನೆಯದು, ಕಾಪುವಿನ ದೀಪಸ್ತಂಭ. ಎರ್ಮಾಳಿನವಳು ಅಳಲಿಕ್ಕೆ ಕಾಪುವಿಗೆ ಯಾಕೆ ಹೋದಳು? ಎರ್ಮಾಳಿನಲ್ಲಿ ಕಡಲು ಇರಲಿಲ್ಲವಾ?"

"ಎರ್ಮಾಳಿನಲ್ಲಿ ದೀಪಸ್ತಂಭ ಇಲ್ಲವಲ್ಲ!" ಎಂದು ದೀಕ್ಷಾ ಅಳುವ ಹಾಗೆ ಹೇಳಿದಳು. "ನೌಫಲ್, ನೀನಾದರೂ ಹೇಳು ಮಾರಾಯ."

ನೌಫಲ್ ತನ್ನ ಪೆಟ್ಟಿಗೆಯ ಧೂಳು ಒರೆಸತೊಡಗಿದ. ಆಗ ಒಳಗಿನಿಂದ ಅಕ್ಕ ಬಂದಳು. ಕೈಯಲ್ಲಿ ಬಸಳೆಯ ಕಟ್ಟು. ಬಾಗಿಲ ಬಳಿ ನಿಂತು, ನಮ್ಮ ಯಾರ ಮುಖವನ್ನೂ ನೋಡದೆ, ಬಸಳೆಯ ಎಲೆಯೊಂದನ್ನು ಕಿತ್ತು ಕೇಳಿದಳು:

"ನಾನು ಯಾವಾಗ ಅತ್ತದ್ದು?"

ದೀಕ್ಷಾ ಗಿಟಾರನ್ನು ಕೆಳಗಿಟ್ಟಳು. "ಅಜ್ಜಿ, ಅದು ಹಾಗೆ... ಅಜ್ಜ ಬಿಟ್ಟು ಹೋದಾಗ..."

"ಯಾರು ಬಿಟ್ಟು ಹೋದದ್ದು? ಬಿಟ್ಟು ಬಂದದ್ದು ನಾನು."

 ನಾನು, ಸತ್ಯಶೋಧಕನ ಕರ್ತವ್ಯವೆಂದು, "ದೊಡ್ಡಮಾವ ಹೇಳಿ ತಾನೇ?" ಎಂದೆ.

"ಶೀನಾ, ನೀನು ಸ್ವಲ್ಪ ಬಾಯಿ ಮುಚ್ಚು. ದೊಡ್ಡಮಾವನಿಗೆ ಹೇಳಿದರೆ ಬಿಡುತ್ತಿರಲಿಲ್ಲವೆಂದೇ ನಾನು ಯಾರಿಗೂ ಹೇಳದೆ ಬಂದದ್ದು."

ನನ್ನ ಅರ್ಧ ಶತಮಾನದ ಸಿದ್ಧಾಂತವನ್ನು ಅವಳು ಬಸಳೆಯ ದಂಟಿನ ಹಾಗೆ ಮುರಿದು ಪಾತ್ರೆಗೆ ಹಾಕಿದಳು. ಆಮೇಲೆ ಕೂತು, ಎಲೆ ಬಿಡಿಸುತ್ತ, ಮೊತ್ತಮೊದಲ ಬಾರಿಗೆ ಹೇಳಿದಳು. ತುಳುವಿನಲ್ಲಿ ಹೇಳಿದ್ದನ್ನು ನಾನು ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ಖಾರ ಸ್ವಲ್ಪ ಕಡಿಮೆಯಾಗಿರಬಹುದು.

ಭಾವ ಪದ್ಯ ಕಟ್ಟುತ್ತಿದ್ದ. ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಪಂಕ್ಚರು ಹಾಕುತ್ತ ಹಾಕುತ್ತ ಬಾಯಿಗೆ ಬಂದದ್ದನ್ನು ರಾಗವಾಗಿ ಹಾಡುವುದು, ಸೈಕಲು ಕೊಡಲು ಬಂದವರು ಅಲ್ಲಿಯೇ ಕೂತು ಕೇಳುವುದು. ಮೊದಮೊದಲು ಗಾಳಿ, ಚಕ್ರ, ಬೆಲ್ಲು ಇವುಗಳ ಮೇಲೆ. ಮದುವೆಯಾದ ಮೇಲೆ ಹೊಸ ವಸ್ತು ಸಿಕ್ಕಿತು. ಅಕ್ಕ ಕಪ್ಪೆಗೆ ಹೆದರಿದರೆ ಮರುದಿನ ಅಂಗಡಿಯಲ್ಲಿ ಕಪ್ಪೆಯ ಪದ್ಯ. ಅಕ್ಕ ಗೊರಕೆ ಹೊಡೆದರೆ ಗೊರಕೆಯದು. ಅತ್ತೆ ಸೊಸೆ ಮಾತು ಬಿಟ್ಟರೆ ಅದನ್ನು ಇಬ್ಬರ ಸ್ವರದಲ್ಲಿಯೂ ಹಾಡುತ್ತಿದ್ದನಂತೆ. ಒಂದು ದಿನ ಸಾರಿಗೆ ಉಪ್ಪು ಜಾಸ್ತಿಯಾಯಿತು. ಆಗ ಹುಟ್ಟಿದ್ದು ಇದು:

ಗಿರಿಜೆಯ ಸಾರಿಗೆ ಉಪ್ಪನು ತಂದವರಾರು?
ಕಡಲೇ ಉಂಟಲ್ಲ ಹಿತ್ತಿಲ ಬಾಗಿಲಲಿ.

"ಇದು ಊರಿಡೀ ಹಬ್ಬಿತು. ಮೀನು ತರಲಿಕ್ಕೆ ಕಡಲ ಬದಿಗೆ ಹೋದರೆ ಹೆಂಗಸರು ಬುಟ್ಟಿ ಹೊತ್ತುಕೊಂಡೇ ಹಾಡುವುದು. ಮಕ್ಕಳು ಹಿಂದಿನಿಂದ ಹಾಡುವುದು. ಒಂದು ಮದುವೆಯ ಮನೆಯಲ್ಲಿ ಬಡಿಸುವವನು ಎಲೆಯ ತುದಿಗೆ ಉಪ್ಪು ಹಾಕುವಾಗ ನನ್ನ ಮುಖ ನೋಡಿ ನಕ್ಕ. ಇಡೀ ಪಂಕ್ತಿ ನಕ್ಕಿತು."

"ನೀವು ಅಜ್ಜನಿಗೆ ಹೇಳಲಿಲ್ಲವಾ?" ದೀಕ್ಷಾ ಕೇಳಿದಳು.

"ಹೇಳದೆ? ಅಂಗಡಿಯ ಎದುರಿಗೆ ಹೋಗಿ ನಿಂತೆ. 'ಸಾಕು ಮಾಡಿ' ಎಂದೆ. ನನ್ನನ್ನು ಕಂಡು ಜನ ನಕ್ಕರು. ಜನ ನಕ್ಕದ್ದನ್ನು ಕಂಡು ಅವರಿಗೆ ಹುರುಪು ಬಂತು. ಇನ್ನೂ ಜೋರಾಗಿ ಹಾಡಿದರು. ಮರುದಿನ ನಾನು 'ಸಾಕು ಮಾಡಿ' ಎಂದದ್ದೂ ಪದ್ಯದೊಳಗೆ ಸೇರಿಹೋಗಿತ್ತು. ಆಮೇಲೆ ಅಲ್ಲಿ ನಾನು ಎಂತ ಮಾತನಾಡುವುದು? ಬಾಯಿ ತೆರೆದರೆ ಪದ್ಯ. ಮಗುವನ್ನು ಎತ್ತಿಕೊಂಡು ಬಸ್ಸು ಹತ್ತಿದೆ."

"ಹಾಗಾದರೆ ಬೊಂಬಾಯಿ ಸುಳ್ಳಾ?" ಎಂದೆ. ಇಷ್ಟಾದರೂ ನನಗೆ ಸಮಾಧಾನವಿರಲಿಲ್ಲ.

"ಸುಳ್ಳಲ್ಲ. ನಾನು ಬಂದ ಮೇಲೆ ಅವರು ಹೋದದ್ದು. ಮನೆಯಲ್ಲಿ ಹಿಂದುಮುಂದು ಮಾಡಿ ಹೇಳಿದರು. ಕುಡಿದು ಹೊಡೆದ, ಬಿಟ್ಟು ಬಂದಳು ಎಂದರೆ ಊರು ಒಪ್ಪುತ್ತದೆ ಶೀನಾ. ಪದ್ಯ ಹಾಡಿದ, ಬಿಟ್ಟು ಬಂದಳು ಎಂದರೆ ಊರು ಇನ್ನೊಂದು ಪದ್ಯ ಕಟ್ಟುತ್ತದೆ."

ನೋಡಿ, ಎರಡು ವಾಕ್ಯಗಳೂ ನಿಜ, ಅನುಕ್ರಮ ಮಾತ್ರ ಸುಳ್ಳು. ಗೋಣಿಗಟ್ಟಲೆ ಪತ್ರಿಕೆಗಳನ್ನು ಅನುಮಾನಿಸಿದ ನಾನು ಈ ಉಪಾಯವನ್ನು ಎಲ್ಲಿಯೂ ಕಂಡಿರಲಿಲ್ಲ. ನಮ್ಮ ಮಾವಂದಿರು ಓದು ಬಾರದವರೆಂದು ತಿಳಿದಿದ್ದೆ. ಸಂಪಾದಕರಾಗಬೇಕಿತ್ತು.

"ಪದ್ಯ ಹೇಗಿತ್ತು ಅಜ್ಜಿ? ಒಳ್ಳೇದಿತ್ತಾ?" ಎಂದು ಕೇಳಿದವನು ನೌಫಲ್. ಆ ಹುಡುಗನಿಗೆ ಎಲ್ಲಿ ಏನು ಕೇಳಬೇಕೆಂಬ ಅಂದಾಜಿಲ್ಲ ಎಂದುಕೊಂಡೆ. ಅಕ್ಕ ಮಾತ್ರ ಎಲೆ ಬಿಡಿಸುವುದನ್ನು ನಿಲ್ಲಿಸಿ ಸ್ವಲ್ಪ ಯೋಚಿಸಿದಳು.

"ಒಳ್ಳೇದಿತ್ತು. ಅದೇ ತೊಂದರೆ ಆದದ್ದು. ಕೆಟ್ಟ ಪದ್ಯವಾಗಿದ್ದರೆ ಎರಡು ದಿನಕ್ಕೆ ಮರೆಯುತ್ತಿದ್ದರು."

ನಾನು ದೀಕ್ಷಾಳನ್ನು ನೋಡಿದೆ. ಅವಳು ನೆಲ ನೋಡುತ್ತ ಬೆರಳಿನಿಂದ ಮೊಣಕಾಲಿನ ಮೇಲೆ ಏನೋ ಲೆಕ್ಕ ಹಾಕುತ್ತಿದ್ದಳು. ತಾಳ! ಹುಡುಗಿ ಅಲ್ಲಿಯೇ ಕಟ್ಟಲು ತೊಡಗಿದ್ದಳು. ಅಕ್ಕನೂ ಅದನ್ನು ಕಂಡಳು.

"ಇದೇ" ಎಂದಳು. "ನಾನು ಏನಾದರೂ ಹೇಳಿದ ಕೂಡಲೇ ನಿನ್ನ ಅಜ್ಜನಿಗೂ ಹೀಗೆಯೇ ಕಣ್ಣು ಹೊಳೆಯುತ್ತಿತ್ತು."

ದೀಕ್ಷಾ ಮೊಣಕಾಲಿನ ಮೇಲಿನ ಕೈ ತೆಗೆದಳು. "ಹಾಡುವುದಿಲ್ಲ ಅಜ್ಜಿ. ಆ ಹಾಡೂ ಬೇಡ, ಈ ಹಾಡೂ ಬೇಡ. ಪೋಸ್ಟರಿನ ಬಗ್ಗೆ ಏನಾದರೂ ಹೇಳುತ್ತೇನೆ."

"ಹಾಡಬೇಡವೆಂದು ನಾನು ಹೇಳಿದೆನಾ? ನೀನು ಹಾಡದಿದ್ದರೆ ನನ್ನನ್ನು ಕಡಲ ಬದಿಯಲ್ಲಿ ಅಳಿಸಿದ ಹಾಡೇ ಪೋಸ್ಟರಿನಲ್ಲಿ ಉಳಿಯುತ್ತದೆ. ಅತ್ತವಳು ಎಂದು ಹೇಳಿಸಿಕೊಳ್ಳಲಿಕ್ಕೆ ನಾನು ಆ ಬಸ್ಸು ಹತ್ತಿದ್ದಲ್ಲ. ಸರಿಯಾಗಿ ಕಟ್ಟು. ಆದರೆ ಒಂದು ಮಾತು. ಶನಿವಾರ ನಾನೂ ಬರುತ್ತೇನೆ. ನನಗೆ ಬಾಗಿಲ ಬಳಿ ಕುರ್ಚಿ ಇಡು. ಬೇಡವೆನಿಸಿದರೆ ಎದ್ದು ಹೋಗುತ್ತೇನೆ. ಇಲ್ಲಿಗಲ್ಲ, ಕಾಪುವಿಗೆ, ನಿನ್ನ ಅಮ್ಮನ ಹತ್ತಿರ. ಪದ್ಯ ಕಟ್ಟುವವರ ಜೊತೆ ಒಂದೇ ಮನೆಯಲ್ಲಿ ಮತ್ತೊಮ್ಮೆ ಇರಲಿಕ್ಕೆ ನನ್ನಿಂದಾಗದು."

ಅಕ್ಕ ಬೆದರಿಸುವವಳಲ್ಲ. ಹೋಗುತ್ತೇನೆಂದವಳು ಹೋಗುತ್ತಾಳೆ ಎಂಬುದಕ್ಕೆ ಪುರಾವೆ ಈಗಷ್ಟೇ ಸಿಕ್ಕಿತ್ತು. ಅವಳ ಬಸಳೆಯ ಬಳ್ಳಿ, ಅವಳ ಒಲೆ, ಅವಳು ನನಗೆ ಬೈಯುವ ಸ್ವರ ಇವಿಲ್ಲದ ಮನೆಯನ್ನು ನಾನು ಒಂದು ಕ್ಷಣ ಊಹಿಸಿಕೊಂಡೆ. ಆಮೇಲೆ ಆ ಊಹೆಯನ್ನು ಬಿಟ್ಟು ಬೇಗ ಬೇರೆ ಕಡೆ ನೋಡಿದೆ.

ಆ ವಾರ ದೀಕ್ಷಾ ಕೋಣೆಯ ಬಾಗಿಲು ಹಾಕಿಕೊಂಡು ಕಟ್ಟಿದಳು. ನಾನು ಬಾಗಿಲ ಹೊರಗಿನಿಂದ ಕೆಲವು ಉಪಯುಕ್ತ ಸೂಚನೆಗಳನ್ನು ಕೊಟ್ಟೆ. ಎರ್ಮಾಳಿನಿಂದ ಅಲೆವೂರಿಗೆ ಆಗ ನೇರ ಬಸ್ಸು ಇರಲಿಲ್ಲ, ಉಡುಪಿಯಲ್ಲಿ ಇಳಿದು ಬದಲಿಸಬೇಕು, ಅದು ಹಾಡಿನಲ್ಲಿ ಬರಲಿ ಎಂದೆ. ಒಳಗೆ ಗಿಟಾರಿನ ಸದ್ದು ಜೋರಾಯಿತು. ಅಕ್ಕ ಎಂದಿನ ಹಾಗೆ ಮೀನಿನವನ ಜೊತೆ ಜಗಳವಾಡಿದಳು. ಶುಕ್ರವಾರ ಮಾತ್ರ, ಎಂದೂ ಇಲ್ಲದ್ದು, ಸಾರಿಗೆ ಉಪ್ಪು ಹಾಕಲು ಮರೆತಳು. ನಾವು ಮೂವರೂ ತುಟಿಪಿಟಕ್ಕೆನ್ನದೆ ಉಂಡೆವು.

ಶನಿವಾರ ಸಂಜೆ ಹೋದೆವು. ಆ ಕಾಫಿ ಅಂಗಡಿಯನ್ನು ನಾನು ವರ್ಣಿಸಬೇಕೆಂದರೆ ನನ್ನ ವೃತ್ತಿಯ ಮಾತಿನಲ್ಲಿಯೇ ವರ್ಣಿಸಬೇಕು. ನಾನು ಕಾರ್ಕಳದಲ್ಲಿ ತೂಕಕ್ಕೆ ಮಾರಿದ ಸಾಮಾನೆಲ್ಲ ಅಲ್ಲಿ ಗೋಡೆಯ ಮೇಲೆ ಅಲಂಕಾರವಾಗಿತ್ತು. ತುಕ್ಕು ಹಿಡಿದ ಲಾಟೀನು, ಹಳೆಯ ಹೊಲಿಗೆ ಯಂತ್ರದ ಕಾಲು, ಬಾಗಿಲಿಲ್ಲದ ಬಾಗಿಲ ಚೌಕಟ್ಟು. ಕಾಫಿಯ ಹೆಸರುಗಳು ಯಾವುದೋ ದೇಶದ ಮಂತ್ರಿಮಂಡಲದ ಹಾಗಿದ್ದವು. ಯುವಕರು ಕುರ್ಚಿಗಳಿದ್ದರೂ ನೆಲದಲ್ಲಿ ದಿಂಬಿನ ಮೇಲೆ ಕೂತಿದ್ದರು. ಹಾಡು ಮೆಚ್ಚಿದರೆ ಚಪ್ಪಾಳೆ ಹೊಡೆಯದೆ ಬೆರಳಿನಿಂದ ಚಿಟಿಕೆ ಹೊಡೆಯುತ್ತಿದ್ದರು. ಅಕ್ಕ ನನ್ನ ಕಿವಿಯಲ್ಲಿ, "ಇವರು ನಾಯಿಯನ್ನು ಕರೆಯುವುದು ಯಾಕೆ?" ಎಂದು ಕೇಳಿದಳು.

ಬಾಗಿಲ ಬಳಿ ಕುರ್ಚಿ ಇತ್ತು. ಅಕ್ಕ ಕೈಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು. ಚೀಲ ಸ್ವಲ್ಪ ದಪ್ಪವಾಗಿತ್ತು. ಅದರಲ್ಲಿ ಒಂದು ಸೀರೆ ಇದ್ದಿರಬಹುದೆಂದು ನನಗೆ ಅನುಮಾನ. ಕಾಪುವಿನ ಬಸ್ಸಿಗೆ ಬೇಕಾದ ಚಿಲ್ಲರೆಯನ್ನು ನನ್ನಿಂದ ಬೆಳಿಗ್ಗೆಯೇ ತೆಗೆದುಕೊಂಡಿದ್ದಳು.

ಮೊದಲು ನೌಫಲ್ ಅಪ್ಪನ ಹಾಡು ಹಾಡಿದ. ಮರಳುಗಾಡು ಹೋಗಿ ಸೂಪರ್ ಮಾರ್ಕೆಟು ಬಂದಿತ್ತು. ಕೌಂಟರಿನ ಯಂತ್ರದ ಕೀಂಕೀಂ ಸದ್ದನ್ನು ಪೆಟ್ಟಿಗೆಯ ಮೇಲೆ ಉಗುರಿನಿಂದ ನುಡಿಸಿದ. ಟ್ಯಾಕ್ಸಿಗಿಂತ ಅದೇ ಚೆನ್ನಾಗಿ ಎದ್ದಿತು. ಆದರೆ ನಾನದನ್ನು ಅವನಿಗೆ ಹೇಳಿಲ್ಲ.

ಆಮೇಲೆ ದೀಕ್ಷಾ. ಗಿಟಾರು ಹಿಡಿದು, ಮೈಕಿನ ಎದುರು, "ಇದು ನನ್ನಜ್ಜಿಯ ಹಾಡು. ಪೋಸ್ಟರಿನಲ್ಲಿರುವುದು ಅಲ್ಲ, ಬೇರೆ" ಎಂದಳು.  ಮೊದಲ ಚರಣದಲ್ಲಿ ಸೈಕಲ್ ಅಂಗಡಿ, ಗಾಳಿ ಹಾಕುವ ಪಂಪು, ಪದ್ಯ ಕಟ್ಟುವ ಗಂಡ. ಜನ ನಕ್ಕರು. ಎರಡನೆಯದರಲ್ಲಿ ಕಪ್ಪೆ. ಇನ್ನೂ ನಕ್ಕರು. ನಾನು ಅಕ್ಕನನ್ನು ಓರೆಗಣ್ಣಿನಿಂದ ನೋಡಿದೆ. ಮುಖದಲ್ಲಿ ಏನೂ ಇಲ್ಲ. ಮೂರನೆಯ ಚರಣದಲ್ಲಿ ಉಪ್ಪು ಬಂತು. ಭಾವನ ಆ ಎರಡು ಸಾಲುಗಳನ್ನು ದೀಕ್ಷಾ ಹಾಗೆಯೇ ತಂದಿದ್ದಳು. ಒಳ್ಳೆಯ ಸಾಲುಗಳು. ಇಡೀ ಅಂಗಡಿ ಗೊಳ್ಳೆಂದು ನಕ್ಕಿತು.

ಅಕ್ಕ ಎದ್ದು ನಿಂತಳು.

ಗಿಟಾರು ನಿಂತಿತು. ಮೆಲ್ಲಗೆ ನಿಂತದ್ದಲ್ಲ. ದೀಕ್ಷಾ ತಂತಿಗಳ ಮೇಲೆ ಅಂಗೈ ಇಟ್ಟು ಒತ್ತಿದಳು. ನೌಫಲಿನ ಕೈ ಪೆಟ್ಟಿಗೆಯಿಂದ ಒಂದು ಗೇಣು ಮೇಲೆಯೇ ಉಳಿಯಿತು. ನಗುತ್ತಿದ್ದವರೆಲ್ಲ ಹಿಂದೆ ತಿರುಗಿ ನೋಡಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಹುಡುಗನೊಬ್ಬ, ಬಹುಶಃ ಆ ಅಂಗಡಿಯವನೇ, "ಹಾಡಿ, ಹಾಡಿ, ನಿಲ್ಲಿಸಬೇಡಿ" ಎಂದ. ದೀಕ್ಷಾ ಅವನ ಕಡೆ ನೋಡಲಿಲ್ಲ.

"ಅಜ್ಜಿ, ಬೇಡವಾ?"

ಮೈಕು ತೆರೆದೇ ಇದ್ದ ಕಾರಣ ಆ ಎರಡು ಮಾತು ಎಲ್ಲರಿಗೂ ಕೇಳಿಸಿತು. ಅಕ್ಕ ಚೀಲವನ್ನು ಎದೆಗೆ ಹಿಡಿದುಕೊಂಡು ಮೊಮ್ಮಗಳನ್ನೇ ನೋಡಿದಳು.

"ನಿಲ್ಲಿಸಿದ್ದು ಯಾಕೆ?"

"ನೀವು ಎದ್ದಿರಲ್ಲ."

  ಅಕ್ಕ, ಅಲ್ಲಿದ್ದವರಿಗೆಲ್ಲ ಅಲ್ಲ, ಯಾರಿಗೂ ಅಲ್ಲ ಎಂಬಂತೆ, "ಎರ್ಮಾಳಿನಲ್ಲಿ ಅವರು ನಿಲ್ಲಿಸಿದವರಲ್ಲ" ಎಂದಳು. ಮೆಲ್ಲನೆ ನಡೆದು, ದಿಂಬುಗಳ ನಡುವೆ ದಾರಿ ಮಾಡಿಕೊಂಡು, ಬಾಗಿಲಿನಿಂದ ದೂರ, ಗೋಡೆಯ ಬದಿಯಲ್ಲಿದ್ದ ಇನ್ನೊಂದು ಕುರ್ಚಿಯಲ್ಲಿ ಕೂತಳು. ಚೀಲವನ್ನು ನೆಲದಲ್ಲಿಟ್ಟಳು.

"ಹಾಡು ಮಗಾ. ಬಸ್ಸು ಬರುವುದು ಇನ್ನೂ ಬಾಕಿ ಉಂಟಲ್ಲ."

ಬಸ್ಸು ಬಂತು. ಉಡುಪಿಯಲ್ಲಿ ಬದಲಿಸುವುದೂ ಬಂತು. ನನ್ನ ಸೂಚನೆ ವ್ಯರ್ಥವಾಗಿರಲಿಲ್ಲ. ಹಾಡು ಮುಗಿದಾಗ ಯಾರೂ ಚಿಟಿಕೆ ಹೊಡೆಯಲಿಲ್ಲ, ಮನುಷ್ಯರ ಹಾಗೆ ಎರಡೂ ಕೈಯಿಂದ ಚಪ್ಪಾಳೆ ಹೊಡೆದರು.

ಈಗ ಆ ಹಾಡು ಉಡುಪಿಯಲ್ಲಿ, ಕಾರ್ಕಳದಲ್ಲಿ, ಕಾಪುವಿನ ಕಡಲ ಬದಿಯಲ್ಲಿಯೂ ನಡೆಯುತ್ತದೆ. ಪ್ರತಿ ಬಾರಿ ಹಾಡುವ ಮೊದಲು ದೀಕ್ಷಾ ಈ ಘಟನೆಯನ್ನು ಹೇಳುತ್ತಾಳೆ: ನನ್ನಜ್ಜಿ ನನ್ನನ್ನು ಪರೀಕ್ಷಿಸಲೆಂದು ನಡುವೆ ಎದ್ದು ನಿಂತರು ಎಂದು. ಜನರಿಗೆ ಅದು ಹಾಡಿಗಿಂತ ಹೆಚ್ಚು ಹಿಡಿಸುತ್ತದೆ. ನನಗೆ ಮಾತ್ರ ಮೊದಲ ಸಲ ಕೇಳಿದಾಗಲೇ ಅನುಮಾನ ಬಂತು. ಯಾರು ಹೇಳಿದ್ದು? ಒಂದು ಬೆಳಿಗ್ಗೆ, ಈ ಬಾರಿ ಸಿದ್ಧಾಂತ ಕಟ್ಟದೆ, ನೇರವಾಗಿ ಅಕ್ಕನನ್ನೇ ಕೇಳಿದೆ.

"ಎಂತ ಪರೀಕ್ಷೆ?" ಎಂದಳು. "ಆ ಬಾಗಿಲ ಮೇಲೆಯೇ ಏಸಿ ಇತ್ತು. ತಣ್ಣನೆಯ ಗಾಳಿ ನೇರ ನೆತ್ತಿಗೆ. ಕುರ್ಚಿ ಬದಲಿಸಲಿಕ್ಕೆ ಎದ್ದದ್ದು."

"ಹಾಗಾದರೆ ದೀಕ್ಷಾಳಿಗೆ ಹೇಳುತ್ತೇನೆ. ಅವಳು ಊರೂರಿನಲ್ಲಿ ಸುಳ್ಳು ಹೇಳುತ್ತಿದ್ದಾಳೆ."

"ಸುಮ್ಮನಿರು ಶೀನಾ. ಅವಳು ನಿಲ್ಲಿಸಿದ್ದು ಸುಳ್ಳಾ?"

  ನಾನು ದೀಕ್ಷಾಳಿಗೆ ಹೇಳಲಿಲ್ಲ. ಇಲ್ಲಿ ಬರೆಯುತ್ತಿದ್ದೀರಲ್ಲ ಎಂದರೆ, ಅವಳ ಪಂಥದವರು ಕನ್ನಡದಲ್ಲಿ ಬರೆಯುತ್ತಾರೆ ನಿಜ, ಆದರೆ ಓದುತ್ತಾರೆಂಬುದಕ್ಕೆ ನನಗೆ ಪುರಾವೆ ದೊರೆತಿಲ್ಲ.

ಆದರೂ ಬರೆದು ಮುಗಿಸಿದ ಮೇಲೆ ಅಕ್ಕನಿಗೆ ಓದಿ ತೋರಿಸಬೇಕೆನಿಸಿತು. ಇಂದು ಬೆಳಿಗ್ಗೆ ಜಗಲಿಯಲ್ಲಿ ಅವಳನ್ನು ಕೂರಿಸಿ ಮೊದಲಿನಿಂದ ಓದಿದೆ. ಕ್ಯಾಪೋಗೆ ನಕ್ಕಳು. ದೊಡ್ಡಮಾವನ ಭಾಗಕ್ಕೆ, "ಸತ್ತವರ ಬಗ್ಗೆ ಅಷ್ಟು ಬೇಡ" ಎಂದಳು. ಉಪ್ಪಿನ ಪದ್ಯ ಬಂದಾಗ ನನ್ನ ಸ್ವರ ತಾನಾಗಿ ಸಣ್ಣದಾಯಿತು. ಆ ಎರಡನೆಯ ಸಾಲಿನಲ್ಲಿ ಅವಳು ಎದ್ದಳು.

ನಾನು ಓದುವುದನ್ನು ನಿಲ್ಲಿಸಿದೆ.

"ಯಾಕೆ ನಿಲ್ಲಿಸಿದೆ?" ಎಂದು ಒಳಗೆ ಹೋಗುತ್ತ ಕೇಳಿದಳು. "ಒಲೆಯಲ್ಲಿ ಹಾಲು ಉಂಟು ಮಾರಾಯ. ನೀನು ಓದು, ನನಗೆ ಇಲ್ಲಿಗೆ ಕೇಳುತ್ತದೆ."

ನಾನು ಓದಲಿಲ್ಲ. ಅವಳು ಬಂದು ಕೂರುವವರೆಗೆ ಕಾದೆ.